ಮನೆಯೊಳಗಿನ ಸೈಕಲ್: ಸ್ಮಾರ್ಟ್ ಬೈಕೋ, ಟರ್ಬೊ ಟ್ರೇನರೋ?

2020ರ ಡಿಸೆಂಬರ್ 9ರಂದು ವಿಚಿತ್ರವೆನ್ನಬಹುದಾದ ಒಂದು ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸೈಕಲ್ ಸ್ಪರ್ಧಿಗಳು ಒಂದೆಡೆ ಸೇರಲಿಲ್ಲ. ತಂತಮ್ಮ ಊರುಗಳಲ್ಲಿ, ಕೋಣೆಗಳೊಳಗೆ ಕುಳಿತು ಪೆಡಲ್ ತುಳಿದರು. ಅವರು ಸಾಗಿದ 50 ಕಿಲೋಮೀಟರ್ ರಸ್ತೆ ಜ್ವಿಫ್ಟ್ ಎಂಬ ಗಣಕ ತಂತ್ರಾಂಶದೊಳಗೆ ಮಾತ್ರ ಇತ್ತು. ಪುರುಷರಲ್ಲಿ ಜರ್ಮನಿಯ ಜೇಸನ್ ಓಸ್ಬೋರ್ನ್, ಮಹಿಳೆಯರಲ್ಲಿ ದಕ್ಷಿಣ ಆಫ್ರಿಕದ ಆಶ್ಲಿ ಮೂಲ್ಮನ್ ಪಾಸಿಯೊ ಗೆದ್ದರು. ಓಸ್ಬೋರ್ನ್ ಆ ಹೊತ್ತಿಗೆ ಹೆಸರಾಗಿದ್ದದ್ದು ದೋಣಿ ಸ್ಪರ್ಧೆಗಳಲ್ಲಿ! ಆ ದಿನ ಎಲ್ಲ ಸ್ಪರ್ಧಿಗಳಿಗೂ ಒಂದೇ ಮಾದರಿಯ ಯಂತ್ರವನ್ನು, ಅಂದರೆ ಡಚ್ ಕಂಪನಿ ಟ್ಯಾಕ್ಸ್ ತಯಾರಿಸಿದ ನಿಯೊ 2ಟಿ ಟ್ರೇನರನ್ನು ಒದಗಿಸಲಾಗಿತ್ತು. ಓಟದ ಪಂದ್ಯದಲ್ಲಿ ಎಲ್ಲರಿಗೂ ಒಂದೇ ಗಡಿಯಾರ ಇರಬೇಕಾದಂತೆ ಇದು ಕೂಡ.

ಈ ಹೋಲಿಕೆಯನ್ನು ಅಲಂಕಾರಕ್ಕಾಗಿ ತಂದದ್ದಲ್ಲ. ಮನೆಯೊಳಗಿನ ಸೈಕಲ್ ಯಂತ್ರ ಮೂಲತಃ ಒಂದು ಅಳತೆಯ ಉಪಕರಣ. ತುಳಿಯುವವನ ಸಾಮರ್ಥ್ಯವನ್ನು ವಾಟ್‌ಗಳಲ್ಲಿ ಅಳೆಯುವುದು ಮತ್ತು ಅದಕ್ಕೆ ತಕ್ಕ ಪ್ರತಿರೋಧ ಒಡ್ಡುವುದು ಅದರ ಕೆಲಸ. ಹಾಗಿದ್ದರೂ ಟರ್ಬೊ ಟ್ರೇನರ್ ಮತ್ತು ಸ್ಮಾರ್ಟ್ ಬೈಕ್‌ಗಳ ನಡುವೆ ಯಾವುದನ್ನು ಕೊಳ್ಳಬೇಕು ಎಂಬ ಚರ್ಚೆ ಬಂದಾಗ ಜಾಹೀರಾತುಗಳು ಆಸನದ ಸುಖ, ಸದ್ದಿಲ್ಲದ ಓಟ, 'ನೈಜ ರಸ್ತೆಯ ಅನುಭವ' ಇವುಗಳ ಬಗೆಗೇ ಮಾತನಾಡುತ್ತವೆ. ಅಳತೆಯ ಮಾತು 'ನಿಖರತೆ ಶೇ. 1' ಎಂಬ ಒಂದು ಸಾಲಿಗೆ ಮುಗಿಯುತ್ತದೆ. ಆ ಒಂದು ಸಾಲನ್ನು ನಾವು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಪರಿಚಯ. ಟರ್ಬೊ ಟ್ರೇನರ್ ಎಂಬುದು ಬ್ರಿಟನ್ನಿನಲ್ಲಿ ಬಳಕೆಯಲ್ಲಿರುವ ಹೆಸರು. ನಿಮ್ಮದೇ ಸೈಕಲನ್ನು ಒಂದು ಗಟ್ಟಿ ಚೌಕಟ್ಟಿಗೆ ಕೂರಿಸಿ, ಹಿಂದಿನ ಗಾಲಿಗೆ ಪ್ರತಿರೋಧ ಒಡ್ಡುವ ಸಾಧನ ಅದು. ಹಳೆಯ ಬಗೆಯಲ್ಲಿ ಟೈರು ಒಂದು ಉರುಳೆಗೆ ಒತ್ತಿಕೊಂಡು ತಿರುಗುತ್ತದೆ. ಹೊಸ ಬಗೆಯಲ್ಲಿ ಹಿಂದಿನ ಗಾಲಿಯನ್ನೇ ಬಿಚ್ಚಿ, ಸೈಕಲ್ ಸರಪಣಿಯನ್ನು ನೇರವಾಗಿ ಟ್ರೇನರಿನ ಹಲ್ಲುಚಕ್ರಕ್ಕೆ ತೊಡಿಸುತ್ತಾರೆ. 2012ರಲ್ಲಿ ಬಂದ ವಾಹೂ ಕಿಕ್ಕರ್ ಈ ನೇರ ಜೋಡಣೆಯನ್ನು ಜನಪ್ರಿಯಗೊಳಿಸಿತು. ಸ್ಮಾರ್ಟ್ ಬೈಕ್ ಹಾಗಲ್ಲ. ಅದು ಆಸನ, ಹಿಡಿ, ಪೆಡಲ್, ಬ್ರೇಕು ಎಲ್ಲವೂ ಸೇರಿದ ಪೂರ್ಣ ಯಂತ್ರ. ಅದರಲ್ಲಿ ಸರಪಣಿಯ ಬದಲು ಸಾಮಾನ್ಯವಾಗಿ ಬೆಲ್ಟ್ ಇರುತ್ತದೆ. ಗೇರುಗಳು ಹಲ್ಲುಚಕ್ರಗಳಲ್ಲ, ತಂತ್ರಾಂಶದಲ್ಲಿರುವ ಸಂಖ್ಯೆಗಳು. 2019ರಲ್ಲಿ ಪ್ರಕಟವಾದ ವಾಹೂ ಕಿಕ್ಕರ್ ಬೈಕ್ ಸುಮಾರು 3500 ಡಾಲರ್, ಟ್ಯಾಕ್ಸ್ ನಿಯೊ ಬೈಕ್ ಸುಮಾರು 3200 ಡಾಲರ್ ಬೆಲೆಗೆ ಬಂದವು. ಅದೇ ಕಂಪನಿಯ ಕಿಕ್ಕರ್ ಟ್ರೇನರ್ ಆಗ ಸುಮಾರು 1200 ಡಾಲರ್ ಇತ್ತು. 2022ರಲ್ಲಿ ಜ್ವಿಫ್ಟ್ ಹಬ್ ಎಂಬ ಟ್ರೇನರ್ ಸುಮಾರು 500 ಡಾಲರಿಗೇ ಬಂದಿತು. ಬೆಲೆ ಏಳು ಪಟ್ಟಾದರೆ ಅಳತೆಯೂ ಅಷ್ಟು ಉತ್ತಮವಾಗಬೇಡವೇ?

ಸಾಮರ್ಥ್ಯ ಎಂದರೆ ಟಾರ್ಕ್ ಮತ್ತು ಕೋನೀಯ ವೇಗಗಳ ಗುಣಲಬ್ಧ ಎಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ. ನಿಮಿಷಕ್ಕೆ 90 ಸುತ್ತು ಎಂದರೆ ಸೆಕೆಂಡಿಗೆ 9.42 ರೇಡಿಯನ್. ಪೆಡಲಿನ ಅಚ್ಚಿನ ಮೇಲೆ ಸರಾಸರಿ 25 ನ್ಯೂಟನ್ ಮೀಟರ್ ಟಾರ್ಕ್ ಇದ್ದರೆ ಸಾಮರ್ಥ್ಯ ಸುಮಾರು 235 ವಾಟ್. ಸುತ್ತುಗಳನ್ನು ಎಣಿಸುವುದು ಸುಲಭ, ಅಲ್ಲಿ ತಪ್ಪಾಗುವುದು ಕಡಮೆ. ಕಷ್ಟವಿರುವುದು ಟಾರ್ಕನ್ನು ಅಳೆಯುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ಎಲ್ಲಿ ಅಳೆಯುತ್ತೇವೆ ಎಂಬುದರಲ್ಲಿ.

ಹಳೆಯ ಟ್ರೇನರುಗಳು ಟಾರ್ಕನ್ನು ಅಳೆಯುತ್ತಲೇ ಇರಲಿಲ್ಲ. ಗಾಲಿ ಇಷ್ಟು ವೇಗದಲ್ಲಿ ತಿರುಗಿದರೆ ಬ್ರೇಕು ಇಷ್ಟು ತಡೆಯುತ್ತದೆ ಎಂಬ ಕೋಷ್ಟಕವನ್ನು ನಂಬಿ ವಾಟ್ ಹೇಳುತ್ತಿದ್ದವು. ಆ ಬ್ರೇಕು ಸುಳಿ ಪ್ರವಾಹದ್ದು. ಮನೆಯ ಹಳೆಯ ವಿದ್ಯುತ್ ಮೀಟರಿನಲ್ಲಿ ಅಲ್ಯೂಮಿನಿಯಮ್ ತಟ್ಟೆಯೊಂದು ಆಯಸ್ಕಾಂತದ ದವಡೆಯ ನಡುವೆ ತಿರುಗುತ್ತಿದ್ದುದನ್ನು ನೋಡಿದವರಿಗೆ ಇದರ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ತಟ್ಟೆಯಲ್ಲಿ ಪ್ರೇರಿತವಾಗುವ ಪ್ರವಾಹ ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ, ತುಳಿದ ಶಕ್ತಿಯೆಲ್ಲ ಶಾಖವಾಗುತ್ತದೆ. ಆದರೆ ತಟ್ಟೆ ಬಿಸಿಯಾದಂತೆ ಲೋಹದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುತ್ತದೆ. ತಟ್ಟೆ 50 ಡಿಗ್ರಿ ಬಿಸಿಯಾದರೆ ರೋಧ ಶೇ. 20 ಹೆಚ್ಚುತ್ತದೆ, ಕಡಮೆ ವೇಗದಲ್ಲಿ ಬ್ರೇಕಿನ ಹಿಡಿತ ಸುಮಾರು ಆರನೇ ಒಂದು ಭಾಗ ತಗ್ಗುತ್ತದೆ. ಕೋಷ್ಟಕಕ್ಕೆ ಇದೊಂದೂ ಗೊತ್ತಿಲ್ಲ! ಸವಾರ ಅರ್ಧ ಗಂಟೆಯ ನಂತರ ತಾನು ಬಲಶಾಲಿಯಾದೆನೆಂದು ಹಿಗ್ಗುತ್ತಾನೆ. ಟೈರಿನ ಗಾಳಿ, ಉರುಳೆಯ ಒತ್ತಡ, ರಬ್ಬರಿನ ಬಿಸಿ ಇವೂ ಸೇರಿದರೆ ಆ ಸಂಖ್ಯೆ ಕೇವಲ ಅಂದಾಜು. ಟೈರು ತಾಗುವ ಟ್ರೇನರನ್ನು ಅಳತೆಗಾಗಿ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆವರು ಹರಿಸುವುದಕ್ಕೆ ಅದು ಧಾರಾಳವಾಗಿ ಸಾಕು.

ಇಂದಿನ ನೇರ ಜೋಡಣೆಯ ಟ್ರೇನರುಗಳು ಮತ್ತು ಸ್ಮಾರ್ಟ್ ಬೈಕುಗಳು ಎರಡು ದಾರಿ ಹಿಡಿದಿವೆ. ಒಂದು, ತಿರುಚಿಗೆ ತಕ್ಕಂತೆ ರೋಧ ಬದಲಾಗುವ ಸ್ಟ್ರೇನ್ ಗೇಜ್ ಅಂಟಿಸಿ ಟಾರ್ಕನ್ನೇ ಅಳೆಯುವುದು. ಇನ್ನೊಂದು, ನಿಯೊ ಮಾದರಿಯಂತೆ ಬ್ರೇಕನ್ನೇ ಒಂದು ವಿದ್ಯುತ್ ಮೋಟಾರಾಗಿ ರಚಿಸಿ, ಅದರ ವಿದ್ಯುತ್ ಪರಿಮಾಣಗಳಿಂದ ಟಾರ್ಕ್ ಲೆಕ್ಕ ಹಾಕುವುದು. ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಈ ಎರಡೂ ದಾರಿಗಳು ಟ್ರೇನರಿಗೂ ತೆರೆದಿವೆ, ಬೈಕಿಗೂ ತೆರೆದಿವೆ. ಶೇ. 1 ಎಂದು ಹೇಳಿಕೊಳ್ಳುವ ಬೈಕಿನ ಪಕ್ಕದಲ್ಲೇ ಶೇ. 1 ಎಂದು ಹೇಳಿಕೊಳ್ಳುವ ಟ್ರೇನರೂ ಇದೆ. ಅಂದರೆ ಹೆಚ್ಚು ಹಣ ಕೊಟ್ಟು ಕೊಳ್ಳುವುದು ಹೆಚ್ಚಿನ ನಿಖರತೆಯನ್ನಲ್ಲ.

ಎಲ್ಲಿ ಅಳೆಯುತ್ತಾರೆ ಎಂಬ ಪ್ರಶ್ನೆಗೆ ಬರೋಣ. ಟ್ರೇನರ್ ಅಳೆಯುವುದು ಸರಪಣಿ ದಾಟಿದ ಮೇಲೆ, ಹಿಂದಿನ ಅಚ್ಚಿನ ಬಳಿ. ಸರಪಣಿ, ಹಲ್ಲುಚಕ್ರಗಳ ಘರ್ಷಣೆಯಲ್ಲಿ ಶೇ. 2ರಿಂದ 4ರಷ್ಟು ಆಗಲೇ ಕಳೆದಿರುತ್ತದೆ. ಪೆಡಲಿನಲ್ಲಿ 250 ವಾಟ್ ತುಳಿದವನಿಗೆ ಟ್ರೇನರ್ 240ರಿಂದ 245 ತೋರಿಸಿದರೆ ಎರಡೂ ಸತ್ಯವೇ. ಸರಪಣಿಗೆ ಎಣ್ಣೆ ಹಾಕದಿದ್ದರೆ ಅಂತರ ಇನ್ನೂ ಹೆಚ್ಚುತ್ತದೆ. ಸ್ಮಾರ್ಟ್ ಬೈಕಿನ ನಿಜವಾದ ಮೇಲ್ಮೆ ಇರುವುದು ಇಲ್ಲಿ. ಅದರ ಬೆಲ್ಟ್ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತದೆ, ಬದಲಾಗುವುದಿಲ್ಲ, ಕೊಳೆಯಾಗುವುದಿಲ್ಲ. ನಿನ್ನೆಯ 200 ಮತ್ತು ಇಂದಿನ 200 ಒಂದೇ ಆಗಿರುವ ಸಂಭವ ಹೆಚ್ಚು. ಪ್ರಯೋಗಶಾಲೆಯ ಭಾಷೆಯಲ್ಲಿ ಇದು ನಿಖರತೆಯಲ್ಲ, ಪುನರಾವರ್ತನೀಯತೆ. ಮನೆಯಲ್ಲೇ ತರಬೇತಿ ಮಾಡುವವನಿಗೆ ಎರಡನೆಯದೇ ಮುಖ್ಯ. ತಕ್ಕಡಿ ಯಾವಾಗಲೂ ಅರ್ಧ ಕಿಲೋ ಹೆಚ್ಚು ತೋರಿಸಿದರೂ ತೂಕ ಇಳಿಯುತ್ತಿದೆಯೇ ಎಂಬುದು ತಿಳಿಯುತ್ತದಲ್ಲವೇ?

ಆದರೆ ಅದೇ ಸವಾರ ವಾರಾಂತ್ಯದಲ್ಲಿ ಪೆಡಲ್ ಮೀಟರ್ ಕಟ್ಟಿದ ಸೈಕಲಿನಲ್ಲಿ ರಸ್ತೆಗಿಳಿದರೆ? ಆಗ ಅವನ ಬಳಿ ಎರಡು ಅಳತೆಗೋಲುಗಳಿರುತ್ತವೆ. ಒಂದು ಗಂಟೆ ಕಾಲ 250 ವಾಟ್ ತಾಳಬಲ್ಲವನು 260ನ್ನು ಅಷ್ಟೇ ಹೊತ್ತು ತಾಳಲಾರ. ಕೇವಲ ಶೇ. 4ರ ವ್ಯತ್ಯಾಸದಿಂದ ತಾಳಬಲ್ಲ ಅಭ್ಯಾಸ ತಾಳಲಾಗದ್ದಾಗುತ್ತದೆ. ಸ್ಪರ್ಧೆಯಲ್ಲಂತೂ ಏರುದಾರಿಯ ವೇಗ ಹೆಚ್ಚುಕಡಮೆ ಸಾಮರ್ಥ್ಯದ ಅನುಪಾತದಲ್ಲೇ ಇರುವುದರಿಂದ, 20 ನಿಮಿಷದ ಏರಿನಲ್ಲಿ ಶೇ. 3ರ ತಪ್ಪು 36 ಸೆಕೆಂಡಿಗೆ ಸಮ. ಸಮತಟ್ಟು ರಸ್ತೆಯಲ್ಲಿ ಗಾಳಿಯ ತಡೆ ಮುಖ್ಯವಾದ್ದರಿಂದ ವೇಗ ಸಾಮರ್ಥ್ಯದ ಘನಮೂಲದಂತೆ ಬದಲಾಗುತ್ತದೆ, ತಪ್ಪು ಶೇ. 1ಕ್ಕೆ ಇಳಿಯುತ್ತದೆ. ಇನ್ನೊಂದು ಮಾತು. ಇಂತಹ ತಂತ್ರಾಂಶಗಳಲ್ಲಿ ದೇಹದ ತೂಕವನ್ನು ಸಾಮಾನ್ಯವಾಗಿ ಸವಾರನೇ ನಮೂದಿಸುತ್ತಾನೆ. 75 ಕಿ.ಗ್ರಾಂ. ಇರುವವನು 73 ಎಂದು ಬರೆದರೆ ಆಗಲೇ ಶೇ. 2.7ರ ದೋಷ ಬಂತು. ಶೇ. 1ರ ಯಂತ್ರಕ್ಕೆ ಸಾವಿರಾರು ಡಾಲರ್ ಕೊಟ್ಟು, ತೂಕವನ್ನು ಮರೆತುಬಿಡುವವರೇ ಹೆಚ್ಚು.

'ನೈಜ ಅನುಭವ'ದ ವಿಷಯಕ್ಕೆ ಬಂದರೆ ಚರ್ಚೆ ಜಡತ್ವದ ಸುತ್ತ ತಿರುಗುತ್ತದೆ. ಸೈಕಲ್ ಸೇರಿ 83 ಕಿ.ಗ್ರಾಂ. ತೂಗುವ ಸವಾರ ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ ಅವನ ಚಲನ ಶಕ್ತಿ 4150 ಜೂಲ್. ಇದರಿಂದಲೇ ಪೆಡಲ್ ಮೇಲಿನ ಮತ್ತು ಕೆಳಗಿನ ಬಿಂದುಗಳನ್ನು ದಾಟುವಾಗ ಸೈಕಲ್ ಜಗ್ಗುವುದಿಲ್ಲ. ಕಿಕ್ಕರ್ ಟ್ರೇನರಿನ ಫ್ಲೈವ್ಹೀಲಿನ ತೂಕ 7.3 ಕಿ.ಗ್ರಾಂ. ಅದರ ಭ್ರಮಣ ತ್ರಿಜ್ಯ 10 ಸೆಂ.ಮೀ. ಎಂದು ಊಹಿಸಿ ಲೆಕ್ಕ ಹಾಕಿದರೆ, ಅಷ್ಟೇ ಶಕ್ತಿ ಹಿಡಿದಿಡಲು ಅದು ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗಬೇಕು. ತರಗತಿಯಲ್ಲಿ ಮಾಡಿಸಬಹುದಾದ ಒಳ್ಳೆಯ ಲೆಕ್ಕ ಇದು. ಸಣ್ಣ ಗೇರಿನಲ್ಲಿ ಚಕ್ರ ನಿಧಾನವಾದಾಗ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಕುಸಿದು, ತುಳಿತ ಕೆಸರಿನಲ್ಲಿ ನಡೆದಂತಾಗುತ್ತದೆ. ಮೋಟಾರು ಬ್ರೇಕುಗಳು ಈ ಕೊರತೆಯನ್ನು ಪ್ರವಾಹ ನಿಯಂತ್ರಣದಿಂದ ತುಂಬಿಕೊಡುತ್ತವೆ. ನಿಯೊ 125 ಕಿ.ಗ್ರಾಂ.ವರೆಗಿನ ಕೃತಕ ಜಡತ್ವವನ್ನು ಹೇಳಿಕೊಳ್ಳುತ್ತದೆ, ಇಳಿಜಾರಿನಲ್ಲಿ ಚಕ್ರವನ್ನು ತಾನೇ ತಿರುಗಿಸುತ್ತದೆ. ನೆನಪಿಡಿ, ಅದು ಬೈಕಲ್ಲ, ಟ್ರೇನರ್! ಸದ್ದಿಲ್ಲದ ಕೃತಕ ಗೇರುಗಳೂ 2023ರಿಂದ ಜ್ವಿಫ್ಟ್ ಕಾಗ್ ಎಂಬ ಒಂಟಿ ಹಲ್ಲುಚಕ್ರದ ರೂಪದಲ್ಲಿ ಟ್ರೇನರಿಗೆ ಬಂದಿವೆ. ಬೈಕಿನ ಹೆಗ್ಗಳಿಕೆಗಳು ಹೀಗೆ ಒಂದೊಂದಾಗಿ ಅಗ್ಗದ ಯಂತ್ರಕ್ಕೆ ಇಳಿಯುತ್ತಿವೆ.

ಎರಡಕ್ಕೂ ಸಮಾನವಾದ ಒಂದು ದೋಷವನ್ನು ಹೇಳದೆ ಹೋಗಲಾರೆ. 'ಅರ್ಗ್' ಎಂಬ ವಿಧಾನದಲ್ಲಿ ಯಂತ್ರ ನಿಗದಿತ ವಾಟ್‌ಗೆ ತಕ್ಕಂತೆ ಟಾರ್ಕನ್ನು ಹೊಂದಿಸುತ್ತದೆ. 200 ವಾಟ್‌ಗೆ ನಿಮಿಷಕ್ಕೆ 90 ಸುತ್ತಿನಲ್ಲಿ 21 ನ್ಯೂಟನ್ ಮೀಟರ್ ಸಾಕು, 45 ಸುತ್ತಿಗೆ ಇಳಿದರೆ 42 ಬೇಕು. ದಣಿದು ನಿಧಾನಿಸಿದವನನ್ನು ಯಂತ್ರ ಇನ್ನಷ್ಟು ಹಿಡಿದು ನಿಲ್ಲಿಸುತ್ತದೆ. ಇದು ಗಣಿತದ ಫಲ, ದೂರುವಂತಿಲ್ಲ. ದೂರಬೇಕಾದದ್ದು ಬೇರೆ ಇದೆ. ಕೆಲವು ಯಂತ್ರಗಳು ಈ ವಿಧಾನದಲ್ಲಿ ಅಳೆದ ಏರಿಳಿತಗಳನ್ನು ಸವರಿ, ಗುರಿಯ ಸಂಖ್ಯೆಯನ್ನೇ ಗೆರೆ ಎಳೆದಂತೆ ತೋರಿಸುತ್ತವೆ. ಮನುಷ್ಯನ ಕಾಲು ಹಾಗೆ ತುಳಿಯುವುದಿಲ್ಲ. ದಾಖಲೆ ಪುಸ್ತಕದಲ್ಲಿ ಇಂತಹ ವಾಚನಗಳನ್ನು ಬರೆದು ತಂದ ವಿದ್ಯಾರ್ಥಿಯನ್ನು ನಾವು ಮತ್ತೆ ಪ್ರಯೋಗ ಮಾಡಲು ಕಳಿಸುತ್ತೇವೆ. ಈ ಸವರುವಿಕೆಯನ್ನು ಆರಿಸಿಡುವ ಸೌಲಭ್ಯವಿದ್ದರೆ ಮೊದಲು ಆರಿಸಿ.

ಅಂದಹಾಗೆ, ಬೀಸಣಿಗೆಗೆ ಹಣ ಎತ್ತಿಡಬೇಕು. 200 ವಾಟ್ ತುಳಿಯುವ ದೇಹ ಸುಮಾರು 670 ವಾಟ್ ಶಾಖವನ್ನೂ ಹೊರಹಾಕಬೇಕು. ಬೆವರಿನಿಂದ ಮಾತ್ರ ಇದಾಗಬೇಕಾದರೆ ಗಂಟೆಗೆ ಒಂದು ಲೀಟರ್ ನೀರು ಆವಿಯಾಗಬೇಕು. ಹೊರಗೆ ಎದುರುಗಾಳಿ ಉಚಿತ, ಕೋಣೆಯಲ್ಲಿ ಇಲ್ಲ. ಆವಿಯಾಗದ ಬೆವರು ತೊಟ್ಟಿಕ್ಕಿ ಟ್ರೇನರಿನ ಮೇಲಿರುವ ನಿಮ್ಮ ಸೈಕಲಿನ ಬೇರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಇದು ಟ್ರೇನರಿನ ವಿರುದ್ಧ ಹೇಳಬಹುದಾದ ನ್ಯಾಯವಾದ ಮಾತು.

ಹಾಗಾದರೆ ಯಾವುದು? ಮನೆಯಲ್ಲಿ ಎತ್ತರ ಬೇರೆಬೇರೆಯಾದ ಮೂವರು ಸವಾರರಿದ್ದರೆ, ಅಥವಾ ಒಳ್ಳೆಯ ಸೈಕಲೇ ಇಲ್ಲದಿದ್ದರೆ, ಸ್ಮಾರ್ಟ್ ಬೈಕ್ ಕೊಳ್ಳುವುದಕ್ಕೆ ಅರ್ಥವಿದೆ. ಆಸನ, ಹಿಡಿಗಳನ್ನು ನಿಮಿಷದಲ್ಲಿ ಹೊಂದಿಸಬಹುದು. 40-50 ಕಿ.ಗ್ರಾಂ. ತೂಗುವ ಅದನ್ನು ಇಟ್ಟಲ್ಲಿಂದ ಕದಲಿಸುವುದು ಮಾತ್ರ ಕಷ್ಟ. ಕೆಟ್ಟರೆ ಇಡೀ ಯಂತ್ರವೇ ಕೆಟ್ಟಂತೆ. ಸ್ವಂತ ಸೈಕಲ್ ಇದ್ದು ರಸ್ತೆಯಲ್ಲೂ ತುಳಿಯುವ ಒಬ್ಬನಿಗೆ ನಾನು ಹೇಳುವುದು ನೇರ ಜೋಡಣೆಯ ಮಧ್ಯಮ ಬೆಲೆಯ ಟ್ರೇನರ್, ಉಳಿದ ಹಣದಲ್ಲಿ ಪೆಡಲ್ ಮೀಟರ್. ಆಗ ಮನೆಯಲ್ಲೂ ರಸ್ತೆಯಲ್ಲೂ ಅಳತೆಗೋಲು ಒಂದೇ, ಟ್ರೇನರಿನ ಹೇಳಿಕೆಗೆ ಎರಡನೆಯ ಸಾಕ್ಷಿಯೂ ಸಿಗುತ್ತದೆ. ಆದರೆ ತಂತ್ರಾಂಶದಲ್ಲಿ ಪೆಡಲ್ ಕಡ್ಡಿಯ ಉದ್ದವನ್ನು ಸರಿಯಾಗಿ ನಮೂದಿಸಿ. 172.5 ಮಿ.ಮೀ. ಬದಲು 170 ಎಂದು ಬರೆದರೆ ಶೇ. 1.5 ಅಲ್ಲೇ ಸೋರಿಹೋಯಿತು.

ಪೆಡಲ್ ಮೀಟರನ್ನು ಪರೀಕ್ಷಿಸುವುದೂ ಸಾಧ್ಯ. ಹಿಂದಿನ ಗಾಲಿ ತಿರುಗದಂತೆ ಹಿಡಿದು, ಪೆಡಲ್ ಕಡ್ಡಿಯನ್ನು ಅಡ್ಡಲಾಗಿ ನಿಲ್ಲಿಸಿ, ಪೆಡಲಿಗೆ ಸರಿಯಾಗಿ ತೂಗಿದ 20 ಕಿ.ಗ್ರಾಂ. ತೂಕ ನೇತುಹಾಕಿ. ಕಡ್ಡಿ 172.5 ಮಿ.ಮೀ. ಇದ್ದರೆ ಟಾರ್ಕ್ 33.8 ನ್ಯೂಟನ್ ಮೀಟರ್ ಬರಬೇಕು. ಹಲವು ಪೆಡಲ್ ಮೀಟರುಗಳ ತಂತ್ರಾಂಶದಲ್ಲಿ ಇದನ್ನು ಓದುವ ಅವಕಾಶವಿದೆ. 33 ತೋರಿಸಿದರೆ ಶೇ. 2ಕ್ಕೂ ಹೆಚ್ಚು ಕಡಮೆ ಎಂದಾಯಿತು, ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿರಲಿ.