ಸ್ಟ್ರಾಟೆಜಿಕ್ ಎಂಬ ದೊಡ್ಡ ಮನುಷ್ಯ

ಭಾರತ 1998ರ ಜನವರಿಯಲ್ಲಿ ಫ್ರಾನ್ಸ್ ಜೊತೆ ‘ಸ್ಟ್ರಾಟೆಜಿಕ್ ಪಾರ್ಟ್‌ನರ್‌ಶಿಪ್’ ಘೋಷಿಸಿಕೊಂಡಾಗ ಆ ಮಾತಿಗೆ ತೂಕವಿತ್ತು. ನಾಲ್ಕೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ನಡೆದು ಅಮೆರಿಕ, ಜಪಾನ್ ನಿರ್ಬಂಧ ಹೇರಿದವು, ಫ್ರಾನ್ಸ್ ಹೇರಲಿಲ್ಲ. ಆಡಿದ ಮಾತು ನಡತೆಯಲ್ಲಿ ಉಳಿಯಿತು. 2000ದಲ್ಲಿ ರಷ್ಯಾ ಸೇರಿತು. ಆಮೇಲೆ ಬಂದವರ ಸಾಲು ಎಷ್ಟು ಬೆಳೆಯಿತೆಂದರೆ ಹಳಬರಿಗೆ ಹೊಸ ಬಿರುದು ಕೊಡದೆ ಗತಿಯಿರಲಿಲ್ಲ. 2010ರಲ್ಲಿ ರಷ್ಯಾ ‘ಸ್ಪೆಷಲ್ ಅಂಡ್ ಪ್ರಿವಿಲೆಜ್ಡ್’ ಆಯಿತು. 2014ರಲ್ಲಿ ಜಪಾನಿಗೆ ‘ಸ್ಪೆಷಲ್’ ಜೊತೆ ‘ಗ್ಲೋಬಲ್’ ಕೂಡ ಸಿಕ್ಕಿತು. 2020ರಲ್ಲಿ ಅಮೆರಿಕ ‘ಕಾಂಪ್ರಹೆನ್ಸಿವ್ ಗ್ಲೋಬಲ್’ ಎನಿಸಿಕೊಂಡಿತು. ಮದುವೆ ಕರೆಯೋಲೆಯಲ್ಲಿ ವರನ ಹೆಸರಿನ ಪಕ್ಕ ಡಿಗ್ರಿಗಳು ಬೆಳೆಯುವುದೂ ಹೀಗೆಯೇ.

ಇದಕ್ಕಾಗಿ ರಾಜತಾಂತ್ರಿಕರನ್ನು ದೂರಿ ಫಲವಿಲ್ಲ. ಯಾರಿಗೂ ನೋವಾಗದ ಹಾಗೆ ಕಾಗದ ಬರೆಯುವುದೇ ಅವರ ಉದ್ಯೋಗ. ನನ್ನ ತಕರಾರು ಜಗತ್ತಿನ ವಿದ್ಯಮಾನಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಅಂಕಣಕಾರರ ಜೊತೆ. ‘ಹಿಂದೂ ಮಹಾಸಾಗರದಲ್ಲಿ ಶ್ರೀಲಂಕಾದ ಸ್ಟ್ರಾಟೆಜಿಕ್ ಮಹತ್ವ ಹೆಚ್ಚುತ್ತಿದೆ’ ಎಂಬ ಧಾಟಿಯ ವಾಕ್ಯ ದಿನವೂ ಕಣ್ಣಿಗೆ ಬೀಳುತ್ತದೆ. ಅದರಿಂದ ‘ಸ್ಟ್ರಾಟೆಜಿಕ್’ ತೆಗೆದುಬಿಡಿ. ಅರ್ಥಕ್ಕೆ ಏನೂ ಆಗುವುದಿಲ್ಲ, ಬರೆದವರ ಗತ್ತು ಮಾತ್ರ ಹೋಗುತ್ತದೆ. ಆ ಜಾಗದಲ್ಲಿ ನಿಜಕ್ಕೂ ಬರಬೇಕಾದದ್ದು ಬೇರೆಯೇ ಇದೆ: ಹಂಬಂಟೋಟ ಬಂದರು 2017ರಲ್ಲಿ 99 ವರ್ಷದ ಗುತ್ತಿಗೆಗೆ ಚೀನಾದ ಕಂಪನಿಯೊಂದರ ಕೈಸೇರಿತು, 2022ರ ಆಗಸ್ಟಿನಲ್ಲಿ, ಭಾರತ ಕಳವಳ ಹೇಳಿಕೊಂಡ ಮೇಲೂ, ಉಪಗ್ರಹ ಮತ್ತು ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಹಡಗು ‘ಯುವಾನ್ ವಾಂಗ್ 5’ ಅಲ್ಲಿಗೆ ಬಂದು ನಿಂತಿತು. ಇಷ್ಟು ಹೇಳಿದರೆ ಮಹತ್ವ ಎಂಥದ್ದೆಂದು ಓದುಗರೇ ಅಳೆದುಕೊಳ್ಳುತ್ತಾರೆ. ವಿಶೇಷಣವೊಂದೇ ಸಾಕೆಂದುಕೊಂಡ ಲೇಖಕ ಬಂದರು, ಹಡಗು, ಗುತ್ತಿಗೆ ಮೂರನ್ನೂ ಹುಡುಕುವ ಶ್ರಮ ಉಳಿಸಿಕೊಳ್ಳುತ್ತಾನೆ.

ಪದದ ಮೂಲ ಇಷ್ಟು ಸಡಿಲವಾಗಿರಲಿಲ್ಲ. ಪ್ರಾಚೀನ ಅಥೆನ್ಸಿನಲ್ಲಿ ವರ್ಷಕ್ಕೆ ಹತ್ತು ಮಂದಿ ‘ಸ್ಟ್ರಾಟೆಗೊಸ್’ಗಳು, ಅಂದರೆ ಸೇನಾಪತಿಗಳು, ಚುನಾಯಿತರಾಗುತ್ತಿದ್ದರು, ಪೆರಿಕ್ಲೀಸ್ ಅವರಲ್ಲೊಬ್ಬ. ಯುದ್ಧದ ಗುರಿಗಾಗಿ ಕದನಗಳನ್ನು ಬಳಸುವುದೇ ಸ್ಟ್ರಾಟೆಜಿ ಎಂದು ಪ್ರಷ್ಯಾದ ಯುದ್ಧ ಚಿಂತಕ ಕ್ಲಾಸ್ವಿಟ್ಸ್ ಗೆರೆ ಎಳೆದಿದ್ದ. ಗುರಿ ಬೇಕು, ಸಾಧನ ಬೇಕು, ಎದುರಾಳಿಯೂ ಬೇಕು. ಬ್ರಿಟನ್ನಿನ ಯುದ್ಧ ಇತಿಹಾಸಕಾರ ಹ್ಯೂ ಸ್ಟ್ರಾಕನ್ 2005ರಲ್ಲಿ ಒಂದು ದೀರ್ಘ ಲೇಖನವನ್ನೇ ಬರೆದು, ಈ ಪದ ತನ್ನ ಅರ್ಥ ಕಳೆದುಕೊಂಡು ಸರ್ಕಾರದ ಯಾವುದೇ ನೀತಿಗೆ ಅಂಟಿಸುವ ಚೀಟಿಯಾಗಿದೆ ಎಂದು ವಾದಿಸಿದರು. ಅವರ ಚಿಂತೆ ಸೈನ್ಯದ್ದು, ಚಿಂತನೆ ಕೆಟ್ಟರೆ ಯುದ್ಧ ಕೆಡುತ್ತದೆ ಎಂಬುದು. ನನಗೆ ಅದಕ್ಕಿಂತ ಕಾಡುವುದು, ಈ ಪದ ಯಾರನ್ನು ಮರೆಮಾಡುತ್ತದೆ ಎಂಬ ಪ್ರಶ್ನೆ.

ವಿಯೆಟ್ನಾಮಿಗೆ ಹೋಗೋಣ. 1962ರಲ್ಲಿ ಸೈಗಾನಿನ ನೋ ದಿನ್ ದಿಯೆಮ್ ಸರ್ಕಾರ ಅಮೆರಿಕದ ಬೆಂಬಲದಿಂದ, ಹಳ್ಳಿಗರನ್ನು ಕಮ್ಯುನಿಸ್ಟ್ ಗೆರಿಲ್ಲಾಗಳಿಂದ ದೂರವಿಡುವ ‘ಸ್ಟ್ರಾಟೆಜಿಕ್ ಹ್ಯಾಮ್ಲೆಟ್’ ಯೋಜನೆ ಆರಂಭಿಸಿತು. ಆ ವರ್ಷದ ಮಾರ್ಚಿನಲ್ಲಿ ಸೈಗಾನಿನ ಉತ್ತರಕ್ಕಿರುವ ಬೆನ್ ಕಾಟ್ ಪ್ರದೇಶದಲ್ಲಿ ರೈತ ಕುಟುಂಬಗಳನ್ನು ಎಬ್ಬಿಸಿ ಹೊಸ ಜಾಗಕ್ಕೆ ಸಾಗಿಸಿದರು. ಮರಳಿ ಹೋಗದಿರಲೆಂದು ಹಳೆಯ ಮನೆಗಳಿಗೆ ಬೆಂಕಿ ಹಚ್ಚಿದರು. ಹಿರಿಯರ ಗೋರಿಗಳು ಹಿಂದೆ ಉಳಿದವು. ಹೊಸ ಊರಿನ ಸುತ್ತ ಕಂದಕ ತೋಡುವ, ಬಿದಿರಿನ ಮೊನೆಗೂಟ ನೆಡುವ ಕೆಲಸ ಆ ರೈತರ ತಲೆಗೇ ಬಂತು. ಇದಕ್ಕೆ ಮೊದಲು ಮಲಯದಲ್ಲಿ ಬ್ರಿಟಿಷರು ಸುಮಾರು 5 ಲಕ್ಷ ಜನರನ್ನು, ಹೆಚ್ಚಿನವರು ಚೀನೀ ಮೂಲದವರು, ಬೇಲಿಯೊಳಗೆ ಸೇರಿಸಿ ‘ನ್ಯೂ ವಿಲೇಜ್’ ಎಂದು ಕರೆದಿದ್ದರು. ಆ ಅನುಭವ ಹೊತ್ತು ಬಂದ ರಾಬರ್ಟ್ ಥಾಂಪ್ಸನ್ ಸೈಗಾನಿನಲ್ಲಿ ಸಲಹೆಗಾರರಾಗಿದ್ದರು. ಎರಡು ಹೆಸರೂ ಬಣ್ಣ ಬಳಿದವೇ. ಆದರೂ ‘ಹೊಸ ಹಳ್ಳಿ’ ಎಂದಾಗ ಹಳೆಯದು ಏನಾಯಿತು ಎಂದು ಕೇಳಲು ಒಂದು ಸಂದಿ ಉಳಿಯುತ್ತದೆ. ‘ಸ್ಟ್ರಾಟೆಜಿಕ್’ ಎಂದೊಡನೆ ಆ ಪ್ರಶ್ನೆ ಕೇಳುವವನೇ ಹುಡುಗಾಟದವನೆನಿಸಿಕೊಳ್ಳುತ್ತಾನೆ.

ಅಧಿಕೃತ ವರದಿಗಳಲ್ಲಿ ಪೂರ್ಣಗೊಂಡ ಹ್ಯಾಮ್ಲೆಟ್‌ಗಳ ಲೆಕ್ಕ ತಿಂಗಳಿಂದ ತಿಂಗಳಿಗೆ ಏರುತ್ತಲೇ ಇತ್ತು. ಯೋಜನೆಯ ಮೇಲ್ವಿಚಾರಕರಲ್ಲಿ ಒಬ್ಬನಾದ ಕರ್ನಲ್ ಫಾಮ್ ನಾಕ್ ಥಾವ್ ಕಮ್ಯುನಿಸ್ಟರ ಗುಪ್ತಚರ ಎಂಬುದು ಆಮೇಲೆ ಬಯಲಾಯಿತು. ರೈತರು ರೊಚ್ಚಿಗೇಳಲೆಂದೇ ಆತ ಕೆಲಸಕ್ಕೆ ವೇಗ ಕೊಟ್ಟ ಎನ್ನುತ್ತಾರೆ. ಇಡೀ ಯೋಜನೆಯಲ್ಲಿ ಸ್ಟ್ರಾಟೆಜಿ ಎಂಬುದು ಯಾರಿಗಾದರೂ ಇದ್ದರೆ ಅವನಿಗೇ ಇತ್ತು! 1963ರ ನವೆಂಬರಿನಲ್ಲಿ ದಿಯೆಮ್ ಹತನಾದ ಮೇಲೆ ಎಲ್ಲ ಕುಸಿಯಿತು. ಆ ವರ್ಷ ನ್ಯೂಯಾರ್ಕ್ ಟೈಮ್ಸಿನ ಡೇವಿಡ್ ಹಾಲ್ಬರ್‌ಸ್ಟಾಮ್ ಮೆಕಾಂಗ್ ನದಿಯ ಕಡೆಯಿಂದ ಕಳಿಸಿದ ವರದಿಗಳನ್ನು ವಾಷಿಂಗ್ಟನ್ ಸಹಿಸಿಕೊಳ್ಳಲಿಲ್ಲ. ಅವು ಇಂದಿಗೂ ಓದಿಸಿಕೊಳ್ಳುವುದು ಊರಿನಲ್ಲಿ, ಗದ್ದೆಯಲ್ಲಿ ಕಂಡದ್ದನ್ನು ಹೇಳಿದ್ದರಿಂದ.

ಅಣ್ವಸ್ತ್ರಗಳ ಮಾತಿನಲ್ಲಿ ಪದಕ್ಕೆ ನಿಖರ ಅರ್ಥವಿತ್ತು: ಖಂಡ ದಾಟಿ ಹೋಗುವಂಥದ್ದು ಸ್ಟ್ರಾಟೆಜಿಕ್, ರಣರಂಗದಲ್ಲಿ ಬಳಸುವಂಥದ್ದು ಟ್ಯಾಕ್ಟಿಕಲ್. ಒಪ್ಪಂದಗಳಲ್ಲಿ 5,500 ಕಿಲೋಮೀಟರಿನ ಗೆರೆಯೂ ಇತ್ತು. ಆದರೆ ಅದು ನಡುವೆ ಸಾಗರವಿದ್ದ ಎರಡು ದೇಶಗಳು ಹಾಕಿಕೊಂಡ ಅಳತೆ. ಪಾಕಿಸ್ತಾನದ ‘ನಸ್ರ್’ ಕ್ಷಿಪಣಿ ಹಾರುವುದು 70 ಕಿಲೋಮೀಟರು. ಅದು ಟ್ಯಾಕ್ಟಿಕಲ್ ಎಂದು ಪಂಜಾಬಿನ ಗಡಿಯ ಊರವರಿಗೆ ಹೇಳಿ ನೋಡಿ.

ನಮ್ಮಲ್ಲಿ ಈ ಪದದ ಮೋಹಕ್ಕೆ ಒಂದು ನೋವಿನ ಎಳೆಯೂ ಇದೆ. 1992ರಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಗಾಗಿ ಜಾರ್ಜ್ ಟ್ಯಾನ್‌ಹ್ಯಾಮ್ ಬರೆದ ಪ್ರಬಂಧ, ಭಾರತೀಯರಿಗೆ ಸ್ಟ್ರಾಟೆಜಿಕ್ ಚಿಂತನೆಯ ಪರಂಪರೆ ಅಷ್ಟಾಗಿ ಇಲ್ಲ ಎಂದಿತು. ದೆಹಲಿ ಅದಕ್ಕೆ ಇನ್ನೂ ಉತ್ತರ ಕೊಡುತ್ತಲೇ ಇದೆ. ಆ ಉತ್ತರದ ಬಹುಪಾಲು ಪದವನ್ನು ಇನ್ನಷ್ಟು ಸಲ ಬಳಸುವುದರಲ್ಲೇ ಮುಗಿಯುತ್ತದೆ. ಕನ್ನಡ ಪತ್ರಿಕೆಗಳು ‘ವ್ಯೂಹಾತ್ಮಕ’ ಎಂದು ಬರೆದು ಅದೇ ಗತ್ತನ್ನು ಸಾಲ ತಂದಿವೆ.

ಹಾಗೆಂದು ಪದವನ್ನು ಬಹಿಷ್ಕರಿಸಿ ಎನ್ನುತ್ತಿಲ್ಲ. ಉಡುಪಿ ಜಿಲ್ಲೆಯ ಕಾಪು ಬಳಿಯ ಪಾದೂರಿನಲ್ಲಿ ಅದು ಮೈ ಬಗ್ಗಿಸಿ ದುಡಿಯುತ್ತಿದೆ. ಅಲ್ಲಿನ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ. ಇದರ ಹೆಸರು ಸ್ಟ್ರಾಟೆಜಿಕ್ ಪೆಟ್ರೋಲಿಯಂ ರಿಸರ್ವ್. ಯಾವುದರ ವಿರುದ್ಧ ಎಂದು ಕೇಳಿದರೆ ಪೂರೈಕೆ ನಿಲ್ಲುವುದರ ವಿರುದ್ಧ. ಎಷ್ಟು ದಿನಕ್ಕೆ ಎಂದರೆ, ಮೂರೂ ತುಂಬಿದ್ದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ, 2019-20ರ ಬಳಕೆಯ ಲೆಕ್ಕದಲ್ಲಿ. ಇಷ್ಟು ಸ್ಪಷ್ಟ ಉತ್ತರ ಸಿಗುವ ಕಡೆ ಯಾವ ವಿಶೇಷಣವಾದರೂ ಸಲ್ಲುತ್ತದೆ. ಆದರೆ ಮಂಗಳೂರಿನ ಎರಡು ಗುಹೆಗಳಲ್ಲಿ ಒಂದರೊಳಗೆ 2018ರಿಂದ ಅಬುಧಾಬಿಯ ಕಂಪನಿಯ ತೈಲ ಬಂದಿದೆ, ತುರ್ತಿನಲ್ಲಿ ಮೊದಲ ಹಕ್ಕು ನಮ್ಮದೆಂಬ ಷರತ್ತಿನೊಂದಿಗೆ. 2021ರಲ್ಲಿ ಕೇಂದ್ರ ಒಪ್ಪಿದ ಪಾದೂರಿನ ಎರಡನೇ ಹಂತಕ್ಕೆ ಸರ್ಕಾರಿ ಕಾಗದದಲ್ಲಿರುವ ವರ್ಣನೆ ‘ಕಮರ್ಷಿಯಲ್-ಕಮ್-ಸ್ಟ್ರಾಟೆಜಿಕ್’. ಅಂಕಣಕಾರರು ಬರೆಯಬೇಕಾದದ್ದು ಆ ನಡುವಿನ ‘ಕಮ್’ ಬಗ್ಗೆ: ಯಾವ ದಿನ, ಯಾರ ಸಹಿಯಿಂದ, ವ್ಯಾಪಾರಿಯ ತೈಲ ದೇಶದ ತೈಲವಾಗುತ್ತದೆ?