ನೀಸ್ ಅವರ ‘ಜಲ್ಲಿ’: ಕಂಪ್ಯೂಟರ್ ಚಿತ್ರವನ್ನು ನೋಡುವುದು ಹೇಗೆ?

ನಿಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರ್ ಪ್ರೋಗ್ರಾಮಿನಿಂದ ಮೂಡಿಸಿದ ಚಿತ್ರವೊಂದನ್ನು ತಂದಿದ್ದಾಳೆ ಎಂದುಕೊಳ್ಳಿ. ಚಿತ್ರ ಚೆನ್ನಾಗಿದೆ. ತೀರ್ಪುಗಾರರಾದ ನೀವು ಕೇಳುವ ಮೊದಲ ಪ್ರಶ್ನೆ ಬಹುಶಃ ಇದು: “ಇದನ್ನು ಬರೆದದ್ದು ನೀನೋ, ಕಂಪ್ಯೂಟರೋ?” ಆಕೆ ತಡವರಿಸುತ್ತಾಳೆ. ‘ನಾನು’ ಎನ್ನೋಣವೆಂದರೆ ಒಂದು ಗೆರೆಯನ್ನೂ ಕೈಯಿಂದ ಎಳೆದಿಲ್ಲ. ‘ಕಂಪ್ಯೂಟರ್’ ಎಂದರೆ ಬಹುಮಾನ ಯಾರಿಗೆ?

ಕನ್ನಡದಲ್ಲಿ ನಾವು ಚಿತ್ರವನ್ನೂ ಬರೆಯುತ್ತೇವೆ, ಪ್ರೋಗ್ರಾಮನ್ನೂ ಬರೆಯುತ್ತೇವೆ. ಕ್ರಿಯಾಪದ ಒಂದೇ. ಆದರೆ ಮೊದಲನೆಯದು ಕಲೆ, ಎರಡನೆಯದು ಲೆಕ್ಕ ಎಂದು ಬೇರೆ ಬೇರೆ ಪೀರಿಯಡ್‌ಗಳಲ್ಲಿ ಕಲಿಸುತ್ತೇವೆ. ಹೀಗಾಗಿ ಎರಡೂ ಸೇರಿದ ಕೆಲಸ ಎದುರಿಗೆ ಬಂದಾಗ ಅದನ್ನು ಹೇಗೆ ನೋಡಬೇಕು, ಯಾವುದನ್ನು ಮೆಚ್ಚಬೇಕು, ಎಲ್ಲಿ ಕೊರತೆ ಹೇಳಬೇಕು ಎಂಬುದು ನಮಗೆ ತಿಳಿಯುವುದಿಲ್ಲ. ಇದಕ್ಕೆ ಉತ್ತರ ಹುಡುಕಲು ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು ಕೂಲಂಕಷವಾಗಿ ನೋಡೋಣ.

ಚಿತ್ರದಲ್ಲಿ ಇರುವುದೇನು?

ಗೇಯೋರ್ಗ್ ನೀಸ್ (1926–2016) ಜರ್ಮನಿಯ ಎರ್ಲಾಂಗೆನ್‌ನಲ್ಲಿ ಸೀಮೆನ್ಸ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ. 1968ರ ಅವರ ಒಂದು ಚಿತ್ರದ ಹೆಸರು ‘ಶಾಟರ್’. ಜರ್ಮನ್ ಭಾಷೆಯಲ್ಲಿ ಹಾಗೆಂದರೆ ಜಲ್ಲಿ. ರಸ್ತೆಗೆ ಸುರಿಯುವ ಜಲ್ಲಿಕಲ್ಲು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿ ಈ ಚಿತ್ರವಿದೆ.

ಉದ್ದನೆಯ ಹಾಳೆಯ ಮೇಲೆ ಅಡ್ಡಕ್ಕೆ 12, ಕೆಳಕ್ಕೆ 22, ಒಟ್ಟು 264 ಚೌಕಗಳು. ಎಲ್ಲವೂ ಒಂದೇ ಅಳತೆಯವು. ಬಣ್ಣವಿಲ್ಲ, ನೆರಳಿಲ್ಲ, ಹೊರಗೆರೆ ಮಾತ್ರ. ಮೇಲಿನ ಸಾಲುಗಳಲ್ಲಿ ಚೌಕಗಳು ಗೋಡೆಯ ಹೆಂಚಿನಂತೆ ಒಂದಕ್ಕೊಂದು ಒತ್ತಿ ನೆಟ್ಟಗೆ ಕುಳಿತಿವೆ. ಕಣ್ಣು ಕೆಳಕ್ಕೆ ಇಳಿದಂತೆ ಒಂದೆರಡು ಚೌಕ ಸ್ವಲ್ಪ ವಾಲುತ್ತವೆ. ಇನ್ನೂ ಕೆಳಗೆ ಪಕ್ಕದ ಚೌಕದ ಮೇಲೆ ಏರುತ್ತವೆ, ನಡುವೆ ಬಿಳಿ ಸಂದುಗಳು ಬಾಯಿ ತೆರೆಯುತ್ತವೆ. ಕೊನೆಯ ಸಾಲುಗಳ ಹೊತ್ತಿಗೆ ಎಲ್ಲವೂ ಚೆಲ್ಲಾಪಿಲ್ಲಿ. ಲಾರಿಯಿಂದ ಈಗಷ್ಟೇ ಸುರಿದ ಜಲ್ಲಿಯ ಹಾಗೆ.

ಚಿತ್ರ ಮೂಡಿದ ಬಗೆ

ಆ ಕಾಲದಲ್ಲಿ ತೆರೆಯ ಮೇಲೆ ನೋಡುತ್ತ ತಿದ್ದುವ ಅನುಕೂಲ ಅವರಿಗಿರಲಿಲ್ಲ. ನೀಸ್ ‘ಆಲ್ಗಾಲ್’ ಭಾಷೆಯಲ್ಲಿ ಪ್ರೋಗ್ರಾಮ್ ಬರೆದರು. ಕಂಪ್ಯೂಟರ್ ಕೊಟ್ಟ ಫಲಿತಾಂಶ ರಂಧ್ರ ಕೊರೆದ ಕಾಗದದ ಪಟ್ಟಿಯ ರೂಪದಲ್ಲಿ ಹೊರಬರುತ್ತಿತ್ತು. ಆ ಪಟ್ಟಿಯನ್ನು ‘ಗ್ರಾಫೋಮಾಟ್ ಜೆಡ್64’ ಎಂಬ ಪ್ಲಾಟರ್‌ಗೆ ಉಣಿಸಿದರೆ ಅದು ಶಾಯಿ ಪೆನ್ನಿನಿಂದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಕಂಪ್ಯೂಟರ್ ನಿರ್ಮಾಣದ ಆದ್ಯರಲ್ಲಿ ಒಬ್ಬರಾದ ಕೊನ್ರಾಡ್ ಝೂಸೆ ಅವರ ಕಂಪನಿ ತಯಾರಿಸಿದ ಯಂತ್ರವದು. ಅಂದರೆ ಚಿತ್ರ ಹೇಗೆ ಬಂದೀತೆಂಬುದನ್ನು ಪ್ರೋಗ್ರಾಮ್ ಬರೆಯುವಾಗ ಮನಸ್ಸಿನಲ್ಲೇ ಕಂಡುಕೊಳ್ಳಬೇಕಿತ್ತು.

ಪ್ರೋಗ್ರಾಮಿನ ತಿರುಳನ್ನು ಮೂರು ಮಾತಿನಲ್ಲಿ ಹೇಳಬಹುದು. ಒಂದು, ಚೌಕವನ್ನು ಅದರ ಜಾಗದಲ್ಲಿ ಬರೆ. ಎರಡು, ಬರೆಯುವ ಮೊದಲು ಅದನ್ನು ಯಾದೃಚ್ಛಿಕವಾಗಿ ಸ್ವಲ್ಪ ತಿರುಗಿಸು, ಸ್ವಲ್ಪ ಸರಿಸು. ಮೂರು, ಕೆಳಕ್ಕೆ ಹೋದಂತೆ ಈ ‘ಸ್ವಲ್ಪ’ದ ಮಿತಿಯನ್ನು ಹಿಗ್ಗಿಸುತ್ತ ಹೋಗು.

‘ಯಾದೃಚ್ಛಿಕ’ ಎಂದೊಡನೆ ಎಲ್ಲವನ್ನೂ ಯಂತ್ರದ ಇಷ್ಟಕ್ಕೆ ಬಿಟ್ಟಂತೆ ಕಾಣುತ್ತದೆ. ಹಾಗಲ್ಲ. ಯಂತ್ರಕ್ಕೆ ಇಷ್ಟವೆಂಬುದೇ ಇಲ್ಲ. ಸಾಮಾನ್ಯವಾಗಿ ಪ್ರೋಗ್ರಾಮುಗಳು ಬಳಸುವುದು ಹುಸಿ ಯಾದೃಚ್ಛಿಕ ಸಂಖ್ಯೆಗಳನ್ನು. ನೀವೇ ಒಂದು ಸರಣಿ ಮಾಡಿ ನೋಡಿ. ಯಾವುದಾದರೂ ಸಂಖ್ಯೆಯನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ ಶೇಷವನ್ನು ತೆಗೆದುಕೊಳ್ಳಿ. ಆ ಶೇಷಕ್ಕೆ ಮತ್ತೆ ಅದೇ ಕ್ರಮ. 1ರಿಂದ ಹೊರಟರೆ 8, 11, 10, 5, 12, 15, 14, 9, 0, 3, 2, 13, 4, 7, 6 ಬರುತ್ತವೆ. ನಂತರ ಮತ್ತೆ 1. ನೋಡಿದವರಿಗೆ ಗೊತ್ತುಗುರಿಯಿಲ್ಲದ ಸಾಲು. ಮಾಡಿದವರಿಗೆ ಕಟ್ಟುನಿಟ್ಟಾದ ಲೆಕ್ಕ. ಇದೇ ಬಗೆಯ ಲೆಕ್ಕವನ್ನು ಬಹಳ ದೊಡ್ಡ ಸಂಖ್ಯೆಗಳಲ್ಲಿ ಮಾಡಿದರೆ ಸರಣಿ ಮರುಕಳಿಸುವುದು ಲಕ್ಷಾಂತರ ಹೆಜ್ಜೆಗಳ ನಂತರ. ಆರಂಭದ ಸಂಖ್ಯೆ ಒಂದೇ ಆದರೆ ಚಿತ್ರವೂ ಗೆರೆಗೆ ಗೆರೆ ಒಂದೇ. ಹಾಗಾಗಿ ‘ಜಲ್ಲಿ’ಯ ಕೆಳಗಿನ ಗೊಂದಲವೂ ಲೆಕ್ಕದಿಂದ ಹುಟ್ಟಿದ್ದೇ.

ಗುಣವೆಲ್ಲಿ, ಕೊರತೆಯೆಲ್ಲಿ?

ಈಗ ವಿಮರ್ಶೆಗೆ ಬರೋಣ. ಈ ಚಿತ್ರದ ಬಲವೆಲ್ಲ ಮೂರನೆಯ ಸೂಚನೆಯಲ್ಲಿದೆ. ಅದನ್ನು ತೆಗೆದುಹಾಕಿ ಹಾಳೆಯ ಉದ್ದಕ್ಕೂ ಒಂದೇ ಪ್ರಮಾಣದ ಗೊಂದಲ ಇಟ್ಟರೆ ಉಳಿಯುವುದು ಗೋಡೆಗೆ ಅಂಟಿಸುವ ಕಾಗದದ ವಿನ್ಯಾಸ. ಮಿತಿ ಸಾಲು ಸಾಲಿಗೂ ಹಿಗ್ಗುವುದರಿಂದಲೇ ಚಿತ್ರಕ್ಕೆ ಮೇಲು ಕೆಳಗು ಬಂದಿದೆ, ಮೊದಲು ಕೊನೆ ಬಂದಿದೆ. ಕಾಗದದ ಮೇಲೆ ಯಾವುದೂ ಚಲಿಸುತ್ತಿಲ್ಲ. ಆದರೂ ಏನೋ ಕುಸಿಯುತ್ತಿದೆ ಎಂದು ನಮಗೆ ಅನ್ನಿಸುತ್ತದೆ.

ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಎಲ್ಲಿ ಎಂಬುದನ್ನೂ ಗಮನಿಸಿ. ನೆಟ್ಟಗಿರುವ ಮೇಲಿನ ಸಾಲುಗಳನ್ನು ಒಂದೇ ನೋಟದಲ್ಲಿ ದಾಟುತ್ತೇವೆ. ಕೊನೆಯ ಸಾಲುಗಳಲ್ಲೂ ಬಹಳ ಹೊತ್ತು ನಿಲ್ಲುವುದಿಲ್ಲ. ಪೂರ್ತಿ ಕ್ರಮದಂತೆ ಪೂರ್ತಿ ಗೊಂದಲವೂ ಎಲ್ಲ ಕಡೆ ಒಂದೇ ಬಗೆಯದಾಗಿ ಕಾಣುತ್ತದೆ. ಕಣ್ಣು ತಡೆಯುವುದು ನಡುವಿನ ಸಾಲುಗಳಲ್ಲಿ: ಚೌಕ ಇನ್ನೂ ಸಾಲಿನಲ್ಲಿದೆಯೇ, ಇಲ್ಲವೇ ತಪ್ಪಿಹೋಯಿತೇ ಎಂದು ಹೇಳಲಾಗದ ಜಾಗದಲ್ಲಿ. ಈ ದೃಷ್ಟಿಯಿಂದ ಕೆಳಗಿನ ಭಾಗ ಚಿತ್ರದ ದುರ್ಬಲ ಭಾಗ. ಇನ್ನೊಂದು ಕೊರತೆಯೂ ಇದೆ. ಚೌಕಗಳು ಬರಿಯ ಹೊರಗೆರೆಗಳಾದ್ದರಿಂದ ಒಂದರ ಮೇಲೊಂದು ಬಿದ್ದಾಗ ಎರಡರ ಗೆರೆಗಳೂ ಕಾಣುತ್ತವೆ. ಕಲ್ಲಿನ ಮೇಲೆ ಕಲ್ಲು ಕುಳಿತರೆ ಕೆಳಗಿನದು ಮರೆಯಾಗಬೇಕು. ಹೆಸರಿನಲ್ಲಿ ಜಲ್ಲಿಯಿದ್ದರೂ ಈ ಜಲ್ಲಿಗೆ ಭಾರವಿಲ್ಲ. ಆದರೆ ಅದರಿಂದಲೇ ಒಂದು ಲಾಭವೂ ಆಗಿದೆ: ಪ್ರತಿ ಚೌಕವೂ ತಾನು ಎಷ್ಟು ವಾಲಿದೆ, ಎಷ್ಟು ಸರಿದಿದೆ ಎಂಬುದನ್ನು ಮುಚ್ಚಿಡದೆ ತೋರಿಸುತ್ತದೆ. ವಸ್ತುವಿನ ಚಿತ್ರ ಆಗದೆ ಇದು ನಿಯಮದ ಚಿತ್ರವಾಗಿದೆ.

ಹಳೆಯ ಜಗಳ

ಇದಕ್ಕೂ ಮೊದಲು, 1965ರ ಫೆಬ್ರವರಿಯಲ್ಲಿ, ನೀಸ್ ಅವರ ಚಿತ್ರಗಳ ಪ್ರದರ್ಶನವನ್ನು ದಾರ್ಶನಿಕ ಮಾಕ್ಸ್ ಬೆನ್ಸೆ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಏರ್ಪಡಿಸಿದ್ದರು. ಕಂಪ್ಯೂಟರ್ ಕಲೆಯ ಮೊಟ್ಟಮೊದಲ ಪ್ರದರ್ಶನಗಳಲ್ಲಿ ಅದೂ ಒಂದು. ಅಲ್ಲಿಗೆ ಬಂದಿದ್ದ ಕಲಾವಿದರು ಸಿಟ್ಟಾದರು. ತನ್ನ ಕುಂಚದ ಬೀಸನ್ನು ನಿಮ್ಮ ಯಂತ್ರ ಅನುಕರಿಸಬಲ್ಲುದೇ ಎಂದು ಒಬ್ಬರು ಕೇಳಿದಾಗ ನೀಸ್, ಹೇಗೆ ಬೀಸುತ್ತೀರಿ ಎಂದು ನೀವು ನನಗೆ ಬಿಡಿಸಿ ಹೇಳಿದರೆ ಖಂಡಿತ ಮಾಡಬಹುದು ಎಂದರಂತೆ. ಜಗಳ ತಣಿಸಲು ಬೆನ್ಸೆ ಇದನ್ನು ‘ಕೃತಕ ಕಲೆ’ ಎಂದು ಕರೆದರು.

ನೀಸ್ ಅವರ ಉತ್ತರ ಜಾಣ್ಮೆಯದ್ದು ಅನ್ನಿಸಬಹುದು; ವಾಸ್ತವವಾಗಿ ಅದು ವಿನಯದ್ದು. ಬಿಡಿಸಿ ಹೇಳಲಾಗದ್ದನ್ನು ಪ್ರೋಗ್ರಾಮ್ ಮಾಡಲಾಗದು ಎಂದು ಅದರರ್ಥ. ಕಲಾವಿದರ ಕೈ ಬಲ್ಲದ್ದೆಲ್ಲ ಬಾಯಿಗೆ ಬರುವುದಿಲ್ಲ. ಪ್ರೋಗ್ರಾಮ್ ಬರೆಯುವವರ ಕಲೆ ಶುರುವಾಗುವುದು ಹೇಳಲು ಸಾಧ್ಯವಾದದ್ದನ್ನು ನಿಖರವಾಗಿ ಹೇಳುವಲ್ಲಿ.

ಅದೇ ಕಾಲದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮೈಕಲ್ ನೋಲ್ ಬೇರೆ ದಾರಿ ಹಿಡಿದರು. ಪೀಟ್ ಮೊಂಡ್ರಿಯಾನ್ 1917ರಲ್ಲಿ ರಚಿಸಿದ ಅಡ್ಡ ಉದ್ದ ಗೆರೆಗಳ ಚಿತ್ರವನ್ನು ಹೋಲುವ ಚಿತ್ರವೊಂದನ್ನು 1964ರಲ್ಲಿ ಕಂಪ್ಯೂಟರಿನಿಂದ ಮಾಡಿದರು. ಎರಡರ ಪ್ರತಿಗಳನ್ನು 100 ಜನರಿಗೆ ತೋರಿಸಿದರು. 59 ಜನ ಕಂಪ್ಯೂಟರ್ ಚಿತ್ರವನ್ನೇ ಮೆಚ್ಚಿದರು. ಯಾವುದು ಕಂಪ್ಯೂಟರಿನದು ಎಂದು ಸರಿಯಾಗಿ ಹೇಳಿದವರು 28 ಜನ ಮಾತ್ರ. ಈ ಫಲಿತಾಂಶ 1966ರಲ್ಲಿ ಪ್ರಕಟವಾಯಿತು.

ಯಂತ್ರ ಕಲಾವಿದನನ್ನು ಸೋಲಿಸಿತೆಂದು ಇದರಿಂದ ತೀರ್ಮಾನಿಸಬಹುದೇ? ಅಂಕಿಗಳನ್ನು ಸರಿಯಾಗಿ ಓದಿ. ಕಣ್ಣು ಮುಚ್ಚಿ ಊಹಿಸಿದ್ದರೂ ಸುಮಾರು 50 ಜನರ ಉತ್ತರ ಸರಿಯಾಗಬೇಕಿತ್ತು. 28 ಎಂದರೆ ಜನ ಗೊತ್ತಿಲ್ಲದೆ ಊಹಿಸಲಿಲ್ಲ. ಒಂದು ತಪ್ಪು ನಂಬಿಕೆಯಿಂದ ಉತ್ತರಿಸಿದರು. ಅಚ್ಚುಕಟ್ಟಾಗಿರುವುದು ಯಂತ್ರದ್ದು, ಚೆದುರಿದಂತಿರುವುದು ಮನುಷ್ಯನದು ಎಂಬುದೇ ಆ ನಂಬಿಕೆ. ನೋಲ್ ಅವರ ಚಿತ್ರದಲ್ಲಿ ಗೆರೆಗಳು ಹೆಚ್ಚು ಚೆದುರಿದ್ದವು. ತೋರಿಸಿದ್ದು ಜೆರಾಕ್ಸ್ ಪ್ರತಿಗಳನ್ನಾದ್ದರಿಂದ ಮೊಂಡ್ರಿಯಾನ್ ಅವರ ಬಣ್ಣದ ಲೇಪ, ಕುಂಚದ ಗುರುತು ಹೇಗೂ ಅಳಿಸಿಹೋಗಿದ್ದವು. ಮೇಲಾಗಿ ನೋಲ್ ಹೊರಟಿದ್ದು ಮೊಂಡ್ರಿಯಾನ್ ಕಂಡುಕೊಂಡಿದ್ದ ರೂಪದಿಂದ. ಹೀಗಾಗಿ ಆ ಪ್ರಯೋಗ ನೋಡುಗರ ಬಗ್ಗೆ ಬಹಳ ಹೇಳುತ್ತದೆ, ಚಿತ್ರದ ಬಗ್ಗೆ ಕಡಿಮೆ ಹೇಳುತ್ತದೆ. ಕಲೆಯ ದೃಷ್ಟಿಯಿಂದ ನೀಸ್ ಹಿಡಿದ ದಾರಿಯೇ ಮೇಲು: ಅವರು ಯಾರನ್ನೂ ಅನುಕರಿಸಲಿಲ್ಲ.

ಕ್ರಮ ಮತ್ತು ಕ್ರಮಭಂಗ

ನಿಯಮದಿಂದ ಚಿತ್ರ ಹುಟ್ಟುವುದು ನಮಗೇನೂ ಹೊಸದಲ್ಲ. ಚುಕ್ಕಿ ರಂಗೋಲಿ ಬಲ್ಲವರಿಗೆ ಇದು ದಿನನಿತ್ಯದ ಮಾತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಹಾಗೂ ಕಮಲಾ ಕೃತಿವಾಸನ್ ತಮಿಳುನಾಡಿನ ಕೋಲಂ ವಿನ್ಯಾಸಗಳನ್ನು ಹುಟ್ಟಿಸಬಲ್ಲ ಗಣಿತದ ವ್ಯಾಕರಣವನ್ನು 1974ರ ಪ್ರಬಂಧವೊಂದರಲ್ಲಿ ವಿವರಿಸಿದ್ದರು. ಪುಟ್ಟ ವಿನ್ಯಾಸದಿಂದ ದೊಡ್ಡದು ಬೆಳೆಯುವ ನಿಯಮ ಅದರಲ್ಲಿದೆ. ಕೋಲಂನ ಚೆಲುವು ಕ್ರಮವನ್ನು ಕಾಪಾಡುವುದರಲ್ಲಿದ್ದರೆ ‘ಜಲ್ಲಿ’ಯ ಚೆಲುವು ಕ್ರಮವನ್ನು ಅಳತೆಯಿಟ್ಟು ಮುರಿಯುವುದರಲ್ಲಿದೆ.

ಈ ಅಳತೆಯನ್ನು ಇನ್ನೂ ಸೂಕ್ಷ್ಮಗೊಳಿಸಿದವರು ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆಸಿದ್ದ ವೇರಾ ಮೋಲ್ನಾರ್ (1924–2023). ಕಂಪ್ಯೂಟರ್ ಕೈಗೆ ಸಿಗುವ ಮೊದಲೇ, 1959ರಿಂದ, ತಮ್ಮೊಳಗೆ ಒಂದು ‘ಕಾಲ್ಪನಿಕ ಯಂತ್ರ’ ಇದೆ ಎಂದುಕೊಂಡು ನಿಯಮ ಹಾಕಿಕೊಂಡು ಕೈಯಿಂದ ಚಿತ್ರ ಬರೆಯುತ್ತಿದ್ದರು. 1968ರಲ್ಲಿ ನಿಜವಾದ ಕಂಪ್ಯೂಟರ್ ದೊರೆಯಿತು. ಚೌಕಗಳ ಕ್ರಮಕ್ಕೆ ಕೇವಲ ಶೇಕಡಾ 1ರಷ್ಟು ಗೊಂದಲ ಬೆರೆಸಿದರೆ ಏನಾಗುತ್ತದೆ ಎಂದು ಅವರು ಮಾಡಿ ನೋಡಿದರು. ‘ಜಲ್ಲಿ’ಯ ಕೆಳಗಿನ ಸಾಲುಗಳ ಬಗ್ಗೆ ಮೇಲೆ ಹೇಳಿದ ಆಕ್ಷೇಪಕ್ಕೆ ಮೋಲ್ನಾರ್ ಅವರ ಚಿತ್ರಗಳಲ್ಲಿ ಉತ್ತರವಿದೆ.

ಎಲ್ಲರೂ ಒಪ್ಪಿದರೆಂದಲ್ಲ. 1965ರಲ್ಲಿ ನೀಸ್ ಜೊತೆಗೇ ತಮ್ಮ ಚಿತ್ರಗಳನ್ನು ಪ್ರದರ್ಶಿಸಿದ್ದ ಗಣಿತಜ್ಞ ಫ್ರೀಡರ್ ನಾಕೆ, ಕಂಪ್ಯೂಟರ್ ಕಲೆ ಇರಲೇಬಾರದು ಎಂದು 1971ರಲ್ಲಿ ಬರೆದರು. ಕಲಾ ಮಾರುಕಟ್ಟೆಗೆ ಹೊಸದೊಂದು ಸರಕನ್ನು ಒದಗಿಸುವುದಷ್ಟೇ ನಮ್ಮ ಕೆಲಸವೇ ಎಂಬುದು ಅವರ ಕಾಳಜಿ. ಹೊಸ ಯಂತ್ರ ಬಂದಾಗಲೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಈಗ ಅದು ಇನ್ನೂ ತುರ್ತಿನದು. ಬೇಕಾದದ್ದನ್ನು ಮಾತಿನಲ್ಲಿ ಟೈಪ್ ಮಾಡಿದರೆ ಚಿತ್ರ ಕೊಡುವ ತಂತ್ರಾಂಶಗಳು 2022ರಿಂದ ಜನಸಾಮಾನ್ಯರ ಕೈಗೆ ಬಂದಿವೆ. ಅವು ಅಪಾರ ಸಂಖ್ಯೆಯ ಹಳೆಯ ಚಿತ್ರಗಳಿಂದ ಕಲಿತವು. ಅಲ್ಲಿ ಬಳಸುವವರು ಹೇಳುವುದು ‘ಏನು ಬೇಕು’ ಎಂಬುದನ್ನು; ‘ಹೇಗೆ’ ಎಂಬುದು ಅವರಿಗೆ ತಿಳಿದಿರಬೇಕಿಲ್ಲ. ನೀಸ್ ಹೇಳಿದ್ದು ‘ಹೇಗೆ’ ಎಂಬುದನ್ನೇ. ‘ಜಲ್ಲಿ’ಯ ಯಾವ ಚೌಕ ಏಕೆ ವಾಲಿದೆ ಎಂದು ಕೇಳಿದರೂ ಪ್ರೋಗ್ರಾಮಿನಲ್ಲಿ ಉತ್ತರವಿದೆ. ಎರಡನ್ನೂ ‘ಕಂಪ್ಯೂಟರ್ ಚಿತ್ರ’ ಎಂದು ಒಂದೇ ಗೂಡಿಗೆ ಹಾಕಿದರೆ ಕಷ್ಟಪಟ್ಟು ನಿಯಮ ಕಟ್ಟಿದ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಇದನ್ನು ಮನಗಾಣಲು ಕಂಪ್ಯೂಟರ್ ಸಹ ಬೇಡ. ಒಂದು ದಾಳ, ಸ್ಕೇಲು, ಕೋನಮಾಪಕ, ದೊಡ್ಡ ಹಾಳೆ ಸಾಕು. ಅಡ್ಡಕ್ಕೆ 6, ಕೆಳಕ್ಕೆ 10 ಚೌಕಗಳ ಜಾಗ ಗುರುತಿಸಿ, ಸಾಲಿಗೊಬ್ಬರಂತೆ 10 ವಿದ್ಯಾರ್ಥಿಗಳಿಗೆ ಹಂಚಿ. ಪ್ರತಿ ಚೌಕಕ್ಕೂ ದಾಳ ಹಾಕಲಿ. ಬಂದ ಸಂಖ್ಯೆಯಿಂದ 3.5 ಕಳೆದು, ಅದನ್ನು ಸಾಲಿನ ಸಂಖ್ಯೆಗಿಂತ 1 ಕಡಿಮೆ ಇರುವ ಸಂಖ್ಯೆಯಿಂದ ಗುಣಿಸಿ, ಮತ್ತೆ 2ರಿಂದ ಗುಣಿಸಲಿ. ಅಷ್ಟು ಡಿಗ್ರಿ ಚೌಕವನ್ನು ವಾಲಿಸಿ ಬರೆಯಲಿ. ಉತ್ತರ ಧನವಾದರೆ ಬಲಕ್ಕೆ, ಋಣವಾದರೆ ಎಡಕ್ಕೆ. ಆರನೆಯ ಸಾಲಿನಲ್ಲಿ ದಾಳ 5 ತೋರಿಸಿದರೆ 15 ಡಿಗ್ರಿ ಬಲಕ್ಕೆ. ಮೊದಲ ಸಾಲು ಯಾವಾಗಲೂ ನೆಟ್ಟಗೆ. ಹತ್ತನೆಯ ಸಾಲಿನಲ್ಲಿ ವಾಲುವಿಕೆ 45 ಡಿಗ್ರಿವರೆಗೆ. ನಂತರ ಇನ್ನೊಂದು ಹಾಳೆಯಲ್ಲಿ ಸಾಲಿನ ಗುಣಕವನ್ನು ಬಿಟ್ಟು, ಎಲ್ಲ ಸಾಲಿಗೂ ಒಂದೇ ಮಿತಿ ಇಟ್ಟು ಬರೆಯಿಸಿ. ಎರಡನ್ನೂ ಅಕ್ಕಪಕ್ಕ ತೂಗುಹಾಕಿ, ಯಾವುದರ ಮುಂದೆ ಮಕ್ಕಳು ಹೆಚ್ಚು ಹೊತ್ತು ನಿಲ್ಲುತ್ತಾರೆ ನೋಡಿ. ಕಂಪ್ಯೂಟರ್ ಇದ್ದರೆ ಪೈಥಾನ್ ಭಾಷೆಯ ‘ಟರ್ಟಲ್’ನಲ್ಲಾಗಲಿ, ಕೇಸಿ ರಿಯಾಸ್ ಮತ್ತು ಬೆನ್ ಫ್ರೈ 2001ರಲ್ಲಿ ಆರಂಭಿಸಿದ ಉಚಿತ ತಂತ್ರಾಂಶ ‘ಪ್ರೋಸೆಸಿಂಗ್’ನಲ್ಲಾಗಲಿ ಇದನ್ನೇ ಕೆಲವೇ ಸಾಲುಗಳಲ್ಲಿ ಬರೆಯಬಹುದು.

ದಾಳ ಹಾಕಿದ 10 ವಿದ್ಯಾರ್ಥಿಗಳಲ್ಲಿ ಆ ಚಿತ್ರವನ್ನು ಬರೆದವರು ಯಾರು? ಗೆರೆ ಎಳೆದವರು ಅವರು. ಆದರೆ ಯಾವ ಸಾಲು ಎಷ್ಟು ವಾಲಬಹುದು ಎಂದು ಗೊತ್ತುಮಾಡಿದ್ದು ನಿಯಮ. ಆ ನಿಯಮವನ್ನು ಆಲೋಚಿಸಿದವರೇ ಚಿತ್ರದ ಕರ್ತೃ.

ಆದ್ದರಿಂದ ಪ್ರದರ್ಶನದಲ್ಲಿ ನಿಂತಿರುವ ಆ ಹುಡುಗಿಯನ್ನು ‘ನೀನೋ, ಕಂಪ್ಯೂಟರೋ’ ಎಂದು ಕೇಳಬೇಡಿ. ನಿನ್ನ ನಿಯಮವೇನು, ಅದರಲ್ಲಿ ಯಾವ ಒಂದು ಸಾಲನ್ನು ತೆಗೆದರೆ ಚಿತ್ರ ಸಪ್ಪೆಯಾಗುತ್ತದೆ, ಎಷ್ಟು ಸಲ ಬದಲಿಸಿ ನೋಡಿದೆ, ಇದನ್ನೇ ಏಕೆ ಉಳಿಸಿಕೊಂಡೆ ಎಂದು ಕೇಳಿ. ಇವಕ್ಕೆ ಆಕೆ ಉತ್ತರಿಸಬಲ್ಲಳಾದರೆ ಚಿತ್ರ ಅವಳದೇ. ಅಂಕಗಳನ್ನು ಧಾರಾಳವಾಗಿ ಕೊಡಿ.