1800 ಮತ್ತು 1850ರ ನಡುವೆ

ಶರಾವತಿಯ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಸರ್ವೆ ಆಫ್ ಇಂಡಿಯಾದ ಹಳೆಯ, ಮೈಲಿಗೆ ಒಂದು ಇಂಚಿನ ಟೋಪೋ ಶೀಟುಗಳಲ್ಲಿ ಆ ಎತ್ತರಕ್ಕೆ ಗೆರೆಯೇ ಇಲ್ಲ. ಸಾಮಾನ್ಯವಾಗಿ 50 ಅಡಿಗೊಂದರಂತೆ ಸಮೋನ್ನತ ರೇಖೆ ಎಳೆಯುವುದು ಅವುಗಳ ಕ್ರಮ. ಶರಾವತಿಯ ನೀರು 1800ರ ಗೆರೆ ದಾಟಿ, 1850ನ್ನು ಮುಟ್ಟದೆ ನಿಂತಿತು. ಈ ನಕ್ಷೆಗಳನ್ನು ವಿಮರ್ಶಿಸುವವರು ಆ ಸಂದಿಯೊಳಗೆ ಇಳಿದು ನೋಡಬೇಕು.

ನಕ್ಷೆಯ ಕಸುಬಿನ ಬಗ್ಗೆ ನನಗೆ ಅಪಾರ ಗೌರವವಿದೆ. ಕಾಲಿನ್ ಮೆಕೆಂಜಿ 19ನೇ ಶತಮಾನದ ಮೊದಲ ದಶಕದಲ್ಲಿ ನಡೆಸಿದ ಮೈಸೂರು ಸರ್ವೆಯ ಕಾಲದಲ್ಲಿ ಗುಡ್ಡವೆಂದರೆ ನೆರಳಿನಂತೆ ಗೀಚಿದ ಗೆರೆಗಳು. ಗುಡ್ಡವಿದೆ ಎಂದು ತಿಳಿಯುತ್ತಿತ್ತು, ಎಷ್ಟೆತ್ತರ ಎಂದಲ್ಲ. 1905ರ ಬಳಿಕದ ಬಣ್ಣದ ಶೀಟುಗಳಲ್ಲಿ ಕಂದು ಗೆರೆ ಒತ್ತಾದಲ್ಲಿ ಕಡಿದಾದ ಇಳಿಜಾರು, ಬಿಡಿಬಿಡಿಯಾದಲ್ಲಿ ಬಯಲು. ಹಳ್ಳ ಯಾವ ತಿರುವಿನಲ್ಲಿ ಹೊಳೆ ಸೇರುತ್ತದೆಂದು ಬೆರಳಿಟ್ಟು ತೋರಿಸಬಹುದು.

ಆದರೆ ಮಲೆನಾಡಿನ ಕಣಿವೆಯಲ್ಲಿ ತಳಕ್ಕೆ ಗದ್ದೆ, ಮೇಲೆ ಅಡಿಕೆ ತೋಟ, ತೋಟದಂಚಿಗೆ ಮನೆ, ಮನೆಯ ಹಿಂದೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನಬೆಟ್ಟ. ಎಷ್ಟೋ ಕಡೆ ಇದಿಷ್ಟೂ ಒಂದೆರಡು ಗೆರೆಗಳೊಳಗೇ ಮುಗಿಯುತ್ತದೆ. ಸೊಪ್ಪಿನಬೆಟ್ಟವಂತೂ ಶೀಟಿನಲ್ಲಿ ಬರೀ ಕಾಡಿನ ಹಸಿರು. ಅದು ಯಾವ ತೋಟಕ್ಕೆ ಸೇರಿದ್ದೆಂಬ ಸುಳಿವಿಲ್ಲ. ಸರ್ವೆಯವರ ಕೈಚಳಕದಲ್ಲಿ ಕೊರತೆಯಿರಲಿಲ್ಲ. ಸೈನ್ಯ ಮತ್ತು ಆಡಳಿತಕ್ಕೆಂದು ಹುಟ್ಟಿದ ನಕ್ಷೆಗೆ ಆ ನಂಟು ಬೇಕಿರಲಿಲ್ಲ.

1940ರ ದಶಕದ ಹಿರೇಭಾಸ್ಕರ ಅಣೆಕಟ್ಟು ಮೊದಲು ಒಂದಿಷ್ಟು ಮುಳುಗಿಸಿತು. 1964ರ ಲಿಂಗನಮಕ್ಕಿ ಆ ಅಣೆಕಟ್ಟನ್ನೂ ಸೇರಿಸಿ ಉಳಿದದ್ದನ್ನು ಮುಳುಗಿಸಿತು. ಹಿನ್ನೀರಿನಾಚೆಯ ತುಮರಿ ಕಡೆಯವರು ಸಾಗರ ಪಟ್ಟಣಕ್ಕೆ ಬರಲು ದಶಕಗಳ ಕಾಲ ಲಾಂಚ್ ಕಾದರು. ಸೇತುವೆ ಬಂದದ್ದು 2025ರಲ್ಲಿ. ಹೊಸ ಶೀಟುಗಳಲ್ಲಿ ಮುಳುಗಿದಲ್ಲೆಲ್ಲ ನೀಲಿ. ಹಾಗಾಗಿ ಕಣಿವೆಯ ತಳ ಹೇಗಿತ್ತೆಂದು ಹೇಳಬಲ್ಲ ಹಳೆಯ ಶೀಟು ಈಗ ಅಮೂಲ್ಯ ಸಾಕ್ಷಿ. ಅದನ್ನು ಹಳತಾಯಿತೆಂದು ಬದಿಗೆ ಸರಿಸುವುದು ತಪ್ಪು, ಅದೊಂದೇ ಸಾಕೆನ್ನುವುದೂ ತಪ್ಪು. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಸರ್ವೆ ನಂಬರುಗಳಿವೆ, ಎತ್ತರವಿಲ್ಲ. ಟೋಪೋ ಶೀಟಿನಲ್ಲಿ ಎತ್ತರವಿದೆ, ಸರ್ವೆ ನಂಬರಿಲ್ಲ. ಎರಡನ್ನೂ ಒಂದರ ಮೇಲೊಂದು ಕೂರಿಸಿ 1819ರ ಗೆರೆ ಎಳೆದರೆ, ಯಾರ ಗದ್ದೆ ನೀರಿನೊಳಗೆ ಹೋಯಿತೆಂದು ಊರೂರಿಗೂ ತೋರಿಸಬಹುದು. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಇನ್ನೂ ಬಗೆಹರಿಯದಿರುವಾಗ ಈ ಕೆಲಸವನ್ನು ಸರ್ಕಾರವೇ ಮಾಡಿಸಬೇಕು, ಆ ಊರುಗಳಲ್ಲಿ ಉತ್ತು ಬಿತ್ತಿದ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು.